ಡಿಯರ್ ಪಕ್ಕದ ಖಾಲಿ ಜಾಗ

ನನ್ನ ಮದುವೆ ಗೊತ್ತಾಗಿ ಇಪ್ಪತ್ತು ದಿನಕ್ಕೆ ಹುಡುಗನ ಅಜ್ಜಿ ತೀರಿಕೊಂಡರು. ಶ್ರಾವಣದಲ್ಲಿ ಆಗಬೇಕಿದ್ದ ಮದುವೆ ಮಾಘಕ್ಕೆ ಹೋಯಿತು. ಎಂಬತ್ತರ ದಶಕದ ನಡುವಿನ ಮಾತು. ಅಜ್ಜಿ ಹೋಗಿದ್ದಕ್ಕೆ ನಾನು ದುಃಖಪಡಬೇಕಿತ್ತು, ಪಡಲಿಲ್ಲ. ಅವರನ್ನು ನೋಡಿಯೇ ಇರಲಿಲ್ಲ. ನನಗೆ ಬಂದಿದ್ದು ಸಿಟ್ಟು. ಅತ್ತ ಮನೆಯ ಹುಡುಗಿಯೂ ಅಲ್ಲ, ಇತ್ತ ಇನ್ನೊಂದು ಮನೆಯ ಸೊಸೆಯೂ ಅಲ್ಲ ಎಂಬಂತೆ ಆರು ತಿಂಗಳು ಕಳೆಯಬೇಕಿತ್ತು. ಮಾರೇನಹಳ್ಳಿಯ ನಮ್ಮ ವಠಾರದಲ್ಲಿ ಐದು ಮನೆಗೆ ಒಂದೇ ನಲ್ಲಿ. ಅಲ್ಲಿ ಕೊಡ ಇಟ್ಟರೆ ಸಾಕು, "ಏನಮ್ಮ ಮದುಮಗಳೇ, ಯಾವಾಗ ಊಟ ಹಾಕಿಸ್ತೀಯಾ?" ಎಂದು ಯಾರಾದರೂ ಕೇಳುತ್ತಿದ್ದರು. ಕೊಡ ಅರ್ಧ ತುಂಬುವ ಮೊದಲೇ ಎತ್ತಿಕೊಂಡು ಬಂದುಬಿಡುತ್ತಿದ್ದೆ.

ಶ್ರಾವಣದಲ್ಲೇ ಆಗಿಹೋಗಿದ್ದರೆ ಯೋಚನೆ ಮಾಡುವ ಗೋಜೇ ಇರುತ್ತಿರಲಿಲ್ಲ. ಆರು ತಿಂಗಳು ಎಂದರೆ ಯೋಚನೆಗೆ ಬಹಳ ಸಮಯ. ಹುಡುಗ ಕೆಂಗೇರಿಯ ಬೇಸಾಯದ ಮನೆಯವರು. ಆ ಮನೆಯಲ್ಲಿ ಓದಿದ್ದು ಅವರೊಬ್ಬರೇ. ಸರ್ಕಾರಿ ಗುಮಾಸ್ತರಾಗಿ ಬಳ್ಳಾರಿಯಲ್ಲಿದ್ದರು. ನನ್ನನ್ನು ನೋಡಲು ಬಂದ ದಿನ ದೊಡ್ಡವರು ನಮ್ಮಿಬ್ಬರನ್ನು ಮಾತಾಡಿಕೊಳ್ಳಲು ತಾರಸಿಗೆ ಕಳಿಸಿದರು, ಕಾವಲಿಗೆ ನನ್ನ ಸೋದರತ್ತೆಯನ್ನೂ ಕಳಿಸಿದರು. ಒಣಗಿದ ಬಟ್ಟೆ ಎತ್ತುವ ನೆಪದಲ್ಲಿ ಅತ್ತೆ ಒಂದೇ ಲಂಗವನ್ನು ಮೂರು ಸಲ ಮಡಿಸಿದರು. ಹುಡುಗ ನನ್ನನ್ನು ಕೇಳಿದ್ದು ಇಷ್ಟೇ.

"ಟೈಪಿಂಗ್ ಸ್ಪೀಡ್ ಎಷ್ಟು ನಿಮ್ದು?"

"ನಲವತ್ತೈದು."

"ಪರವಾಗಿಲ್ವೇ."

ಆಮೇಲೆ ಇಬ್ಬರೂ ಪಕ್ಕದ ಮನೆಯ ನೀರಿನ ತೊಟ್ಟಿ ನೋಡುತ್ತ ನಿಂತಿದ್ದೆವು. ಕೆಳಗಿಳಿದು ಬಂದು ಅವರು ಒಪ್ಪಿಗೆ ಎಂದರು, ನಾನೂ ಒಪ್ಪಿಗೆ ಎಂದೆ. ಏನನ್ನು ನೋಡಿ ಒಪ್ಪಿದರು? ನನ್ನನ್ನೋ, ನಲವತ್ತೈದನ್ನೋ? ಮನೆಯವರು ತೋರಿಸಿದ ಯಾವ ಹುಡುಗಿಯಾಗಿದ್ದರೂ ಅವರು ಹೀಗೆಯೇ ಒಪ್ಪುತ್ತಿದ್ದರೇನೋ ಎಂಬ ಹುಳ ನನ್ನ ತಲೆಯೊಳಗೆ ಹೊಕ್ಕಿತು. ಅದು ನಿಜವಾದರೆ ಮಾಘದೊಳಗೆ ಬೇಡ ಎಂದುಬಿಡಬೇಕು ಎಂದುಕೊಂಡೆ. ಬಸ್ಸಿನಲ್ಲಿ, ಆಫೀಸಿನಲ್ಲಿ, ರಾಗಿ ಬೀಸಿಸಲು ಗಿರಣಿಯ ಮುಂದೆ ನಿಂತಾಗ, ಅದೇ ಹುಳ. ಒಂದು ಕಡೆ ಕೂರಲಾಗುತ್ತಿರಲಿಲ್ಲ. "ಕಾಲು ಸುಟ್ಟ ಬೆಕ್ಕಿನ ಥರ ಯಾಕೆ ಓಡಾಡ್ತೀಯೇ?" ಎಂದು ಅಮ್ಮ ಬೈಯುತ್ತಿದ್ದಳು.

ಮನೆಯಲ್ಲಿ ನಾವು ನಾಲ್ಕು ಜನ. ಅಪ್ಪ ಮಾಗಡಿ ರಸ್ತೆಯ ಒಂದು ಕಾರ್ಖಾನೆಯಲ್ಲಿ ಸ್ಟೋರ್ಸ್ ಗುಮಾಸ್ತ. ಅಮ್ಮ, ನಾನು, ಮತ್ತು ಅಪ್ಪನ ಅಕ್ಕ, ಅಂದರೆ ಅತ್ತೆ. ಗಂಡ ಹೋದ ಮೇಲೆ, ನಾನು ಹುಟ್ಟುವ ಮೊದಲೇ, ಅತ್ತೆ ತಮ್ಮನ ಮನೆಗೆ ಬಂದಿದ್ದರು. ಬಂದವರು ಸುಮ್ಮನೆ ಕೂರದೆ ಊದುಬತ್ತಿ ಹೊಸೆಯಲು ಹಿಡಿದರು. ನಮ್ಮ ಬೀದಿಯಲ್ಲಿ ಅರ್ಧ ಮನೆಗಳಲ್ಲಿ ಅದೇ ಕೆಲಸ. ನಡುಮನೆಯ ಕಿಟಕಿಯ ಕೆಳಗೆ ಮಣೆ ಹಾಕಿಕೊಂಡು, ಬಿದಿರು ಕಡ್ಡಿಗೆ ಕಪ್ಪು ಮಸಾಲೆ ಹಿಟ್ಟು ಮೆತ್ತಿ, ಅಂಗೈಯಲ್ಲಿ ಒಂದೇ ಸಲ ಉರುಳಿಸಿ ಬಿಸಾಕುತ್ತಿದ್ದರು. ಬೆಳಗಿನಿಂದ ಸಂಜೆಯವರೆಗೆ ಅವರ ಕೈ ಮಸಿಗಪ್ಪು. ಆ ಕೈಯಲ್ಲಿ ಅವರು ಏನನ್ನೂ ಮುಟ್ಟುತ್ತಿರಲಿಲ್ಲ, ಬಾಯಿಯಲ್ಲಿ ಮಾತ್ರ ಎಲ್ಲವನ್ನೂ ಮುಟ್ಟುತ್ತಿದ್ದರು.

ಒಂದನ್ನು ಬಿಟ್ಟು. ಗಂಡನ ಹೆಸರನ್ನು ಅವರು ಹೇಳುತ್ತಿರಲಿಲ್ಲ. ಆ ಕಾಲದ ಹೆಂಗಸರು ಯಾರೂ ಹೇಳುತ್ತಿರಲಿಲ್ಲ ಅನ್ನಿ, ಅಮ್ಮನೂ ಅಪ್ಪನನ್ನು "ಏನೂಂದ್ರೆ" ಎಂದೇ ಕರೆಯುತ್ತಿದ್ದಳು. ಆದರೆ ಅತ್ತೆಯದು ಅತಿ. ಅವರ ಗಂಡನಿಗೆ ಒಬ್ಬ ದೇವರ ಹೆಸರಿತ್ತು. ಅದರಿಂದ ಆ ದೇವರ ಹೆಸರನ್ನೂ ಹೇಳದೆ "ಬೆಟ್ಟದ ಮೇಲಿರೋ ಸ್ವಾಮಿ" ಎನ್ನುತ್ತಿದ್ದರು. ರೇಷನ್ ಕಾರ್ಡಿನವರು ಬಂದು "ಗಂಡನ ಹೆಸರೇನಮ್ಮ?" ಎಂದರೆ ಅತ್ತೆ ನನ್ನ ಕಡೆ ಗದ್ದ ತೋರಿಸುತ್ತಿದ್ದರು, ನಾನು ಹೇಳುತ್ತಿದ್ದೆ. ಒಂದು ಸಲ ಹೆಸರು ಹೇಳಿದರೆ ಗಂಡನ ಆಯಸ್ಸಿನಲ್ಲಿ ಒಂದು ದಿನ ಕಡಿಮೆ ಎಂಬ ನಂಬಿಕೆ. "ಇಲ್ಲದವರಿಗೆ ಎಲ್ಲಿಂದ ಕಡಿಮೆ ಆಗತ್ತೆ ಅತ್ತೆ?" ಎಂದು ಚಿಕ್ಕವಳಾಗಿದ್ದಾಗ ನಾನು ಕೇಳಿ ಅಮ್ಮನ ಕೈಯಲ್ಲಿ ಒಂದು ಬಿಗಿಸಿಕೊಂಡಿದ್ದೆ. ಅತ್ತೆ ಮಾತ್ರ ಕಡ್ಡಿ ಹೊಸೆಯುತ್ತಲೇ ಇದ್ದರು.

ಭಾದ್ರಪದದಲ್ಲಿ, ಗಣೇಶನ ಹಬ್ಬ ಆದ ಮೇಲೆ, ಬಳ್ಳಾರಿಯಿಂದ ನನ್ನ ಹೆಸರಿಗೆ ಒಂದು ಇನ್‌ಲ್ಯಾಂಡ್ ಕಾಗದ ಬಂತು. ನನ್ನ ಹೆಸರಿಗೆ ಬಂದರೇನು, ನಮ್ಮ ಮನೆಯಲ್ಲಿ ಕಾಗದ ಎಂದರೆ ಮನೆಗೆಲ್ಲ ಸೇರಿದ್ದು. ಅಪ್ಪ ಸಂಜೆ ಬಂದು, ಕೈಕಾಲು ತೊಳೆದು, ಕಾಫಿ ಕುಡಿದು, ಕನ್ನಡಕ ಏರಿಸಿ, ಅಂಚನ್ನು ನೀಟಾಗಿ ಕತ್ತರಿಸಿ ಗಟ್ಟಿಯಾಗಿ ಓದಬೇಕು. ಕಾಗದ ಮಧ್ಯಾಹ್ನವೇ ಬಂದಿತ್ತಂತೆ. ನಾನು ಆಫೀಸಿನಿಂದ ಬರುವಾಗ ಅದು ದೇವರ ಗೂಡಿನಲ್ಲಿ, ಹಾಗೇ ಮುಚ್ಚಿಕೊಂಡು ಇತ್ತು. ಅಪ್ಪ ಬರುವವರೆಗಿನ ಮುಕ್ಕಾಲು ಗಂಟೆ ನಾನು ಹೇಗೆ ಕಳೆದೆ ಎಂದು ಕೇಳಬೇಡಿ.

ಹುಡುಗಿ ಇಂಗ್ಲಿಷ್ ಟೈಪ್ ಕಲಿತವಳು ಎಂದೋ ಏನೋ, ಅವರು ಇಂಗ್ಲಿಷಿನಲ್ಲಿ ಬರೆದಿದ್ದರು. ಅಪ್ಪ ಒಂದೊಂದು ಸಾಲು ಓದಿ ಅಮ್ಮನಿಗೆ, ಅತ್ತೆಗೆ ಕನ್ನಡದಲ್ಲಿ ಹೇಳಬೇಕು. "ಡಿಯರ್" ಎಂದು, ನನ್ನ ಹೆಸರು ಓದಿ, ಅಪ್ಪ ಗಂಟಲು ಸರಿಮಾಡಿಕೊಂಡರು.

"ಹಂಗಂದ್ರೇನೋ?" ಎಂದರು ಅತ್ತೆ.

"ಏನಿಲ್ಲ ಅಕ್ಕ. ಇಂಗ್ಲಿಷ್‌ನಲ್ಲಿ ಕಾಗದ ಶುರು ಮಾಡೋ ಪದ್ಧತಿ. ನಮ್ಮ ಫ್ಯಾಕ್ಟರಿಗೆ ಕಬ್ಬಿಣ ಕೊಡೋನಿಗೂ ಹಾಗೇ ಬರೀತೀವಿ."

"ಕಬ್ಬಿಣದೋನಿಗೂ ಅದೇ, ಕಟ್ಕೊಳ್ಳೋಳಿಗೂ ಅದೇನಾ? ಏನು ಭಾಷೆನಪ್ಪ."

ಎಲ್ಲರೂ ನಕ್ಕರು, ನಾನೂ ನಕ್ಕೆ. ಉಳಿದದ್ದೆಲ್ಲ ಅಲ್ಲಿ ಬಿಸಿಲು ಜಾಸ್ತಿ, ಮೆಸ್ಸಿನ ಸಾರಿಗೆ ಉಪ್ಪಿಲ್ಲ, ಹಿರಿಯರಿಗೆ ನಮಸ್ಕಾರ ತಿಳಿಸುವುದು. ಇಡೀ ಕಾಗದದಲ್ಲಿ ನನಗೆ ಸೇರಿದ್ದು ಎಂದರೆ ಆ ಒಂದು ಪದ. ಅದನ್ನೂ ಅಪ್ಪ ಕಬ್ಬಿಣದವನ ಜೊತೆ ಹಂಚಿಬಿಟ್ಟರು.

ಅಪ್ಪ ಹೇಳಿದ್ದು ಸುಳ್ಳಲ್ಲ ಎಂಬುದು ನನಗೆ ಅವರಿಗಿಂತ ಚೆನ್ನಾಗಿ ಗೊತ್ತಿತ್ತು. ರಾಜಾಜಿನಗರದ ಕೈಗಾರಿಕಾ ಬಡಾವಣೆಯಲ್ಲಿ ಪಂಪಿನ ಬಿಡಿಭಾಗ ಮಾಡುವ ಒಂದು ಸಣ್ಣ ಕಾರ್ಖಾನೆಗೆ ನಾನು ಟೈಪಿಸ್ಟ್. ದಿನಕ್ಕೆ ಹದಿನೈದು ಇಪ್ಪತ್ತು ಸಲ 'ಡಿಯರ್ ಸರ್' ಹೊಡೆಯುತ್ತಿದ್ದೆ. ಮಾಲು ಕಳಿಸದವನು ಡಿಯರ್, ಒಡೆದ ಮಾಲು ಕಳಿಸಿದವನು ಡಿಯರ್, ನಾಳೆಯಿಂದ ನಿಮ್ಮ ಸಹವಾಸವೇ ಬೇಡ ಎಂದು ಬರೆಸಿಕೊಂಡವನೂ ಡಿಯರ್. ಆ ನಾಲ್ಕು ಅಕ್ಷರಕ್ಕೆ ನನ್ನ ಬೆರಳು ಕಣ್ಣನ್ನು ಕೇಳುತ್ತಲೂ ಇರಲಿಲ್ಲ. ಮಾರನೆಯ ದಿನ ಮೊದಲ ಕಾಗದಕ್ಕೇ ಕೈ ತಡೆಯಿತು. ಆ ಪದವನ್ನು ಹೊಡೆದು ಸುಮ್ಮನೆ ಅದನ್ನೇ ನೋಡುತ್ತ ಕೂತೆ. ಮಾಲೀಕರು ಹಾದುಹೋಗುತ್ತ, "ಏನಮ್ಮ, ರಿಬ್ಬನ್ ಹೋಯ್ತಾ?" ಎಂದರು.

ಸಂಜೆ ಟೈಪಿಂಗ್ ಇನ್‌ಸ್ಟಿಟ್ಯೂಟಿಗೆ ಹೋಗುತ್ತಿದ್ದೆ, ಸೀನಿಯರ್ ಪರೀಕ್ಷೆ ಬಾಕಿಯಿತ್ತು. ಅಲ್ಲಿನ ಮೇಷ್ಟ್ರು ಬೆರಳುಗಳಿಗಿಂತ ಒಕ್ಕಣೆಗೆ ಹೆಚ್ಚು ಬೆಲೆ ಕೊಡುವವರು. ಯಾರಿಗೆ ಹೇಗೆ ಶುರು ಮಾಡಬೇಕು, ಹಾಗೆ ಶುರು ಮಾಡಿದರೆ ಹೇಗೆ ಮುಗಿಸಬೇಕು, ಎಲ್ಲ ಬಾಯಿಪಾಠ. ಗೆಳತಿಯೊಬ್ಬಳ ಸಂಗತಿ ಎಂದು ಸುಳ್ಳು ಹೇಳಿ ಕೇಳಿದೆ. "ಮೇಷ್ಟ್ರೇ, ಬರೀ ಡಿಯರ್ ಅಂತ ಬರೆದ್ರೆ ಅದರಲ್ಲಿ ಪ್ರೀತಿ ಇದೆ ಅಂತಾನಾ?"

ಮೇಷ್ಟ್ರು ಸುಳ್ಳನ್ನು ಕಂಡುಕೊಂಡರು ಎಂದೇ ನನ್ನ ಅನುಮಾನ. "ಡಿಯರ್ ಅನ್ನೋದು ಹೊಸಿಲು ಕಣಮ್ಮ," ಎಂದರು. "ಸಾಲ ಕೇಳೋನೂ ಅದನ್ನೇ ದಾಟಿ ಬರ್ಬೇಕು, ಅಳಿಯನೂ ಅದನ್ನೇ ದಾಟಿ ಬರ್ಬೇಕು. ಹೊಸಿಲು ನೋಡಿ ಬಂದೋರು ಯಾರು ಅಂತ ಹೇಳೋಕಾಗಲ್ಲ. ಮುಂದಿನ ಸಾಲು ನೋಡು."

ಮುಂದಿನ ಸಾಲಿನಲ್ಲಿ ಬಳ್ಳಾರಿಯ ಬಿಸಿಲಿತ್ತು.

ಅಷ್ಟಕ್ಕೆ ಬಿಡುವ ಹೆಣ್ಣಲ್ಲ ನಾನು. ಶನಿವಾರ ಅರ್ಧ ದಿನ ಕೆಲಸ ಮುಗಿಸಿ ವಿಜಯನಗರದ ಲೈಬ್ರರಿಗೆ ಹೋದೆ. ಪೇಪರ್ ಓದುವ ಮುದುಕರ ನಡುವೆ, ಮಗುವಿನಷ್ಟು ಭಾರದ ಇಂಗ್ಲಿಷ್ ನಿಘಂಟನ್ನು ತೊಡೆಯ ಮೇಲಿಟ್ಟುಕೊಂಡು ಕೂತೆ. ಆ ಪದಕ್ಕೆ ಮುಕ್ಕಾಲು ಕಾಲಂ ಇತ್ತು. ಪ್ರೀತಿಪಾತ್ರ ಎಂದು ಮೊದಲು. ಆಮೇಲೆ ಬೆಲೆಯುಳ್ಳದ್ದು, ತುಟ್ಟಿಯಾದದ್ದು. ಹಳೇ ಇಂಗ್ಲಿಷಿನ ಕಾಲದಿಂದ ಇದ್ದ ಪದವಂತೆ, ಅದಕ್ಕೂ ಹಿಂದೆ ಆ ಕಡೆಯ ಅಣ್ಣತಮ್ಮಂದಿರ ಭಾಷೆಗಳಲ್ಲೆಲ್ಲ ಇತ್ತಂತೆ. ಎಲ್ಲರೂ ಪೋಲಿ ಮಾತು ಎಂದುಕೊಂಡಿದ್ದ 'ಡಾರ್ಲಿಂಗ್' ಕೂಡ ಇದರ ಹೊಟ್ಟೆಯಲ್ಲೇ ಹುಟ್ಟಿದ್ದು, ಪುಟ್ಟ ಡಿಯರ್ ಎಂದು ಅರ್ಥ. ಅಯ್ಯೋ ಎಂದು ಬಾಯಿಬಿಡುವುದಕ್ಕೂ ಇಂಗ್ಲಿಷಿನವರಿಗೆ ಇದೇ ಬೇಕು, 'ಓ ಡಿಯರ್' ಎನ್ನುತ್ತಾರಂತೆ. ಇದೇ ರೂಪದ ಇನ್ನೊಂದು ಪದ ಹಿಂದೆ ಇತ್ತಂತೆ, ಕಠಿಣ, ಘೋರ ಎಂಬ ಅರ್ಥದ್ದು, ಈಗ ಬಳಕೆಯಲ್ಲಿಲ್ಲ. ಕೊನೆಗೆ ಸಣ್ಣ ಅಕ್ಷರದಲ್ಲಿ, ಕಾಗದದ ತಲೆಯಲ್ಲಿ ಮರ್ಯಾದೆಗೆ ಬಳಸುವ ಮಾತು ಎಂದಿತ್ತು.

ಆಗ ನನಗೆ ಬಂದ ಸಿಟ್ಟಿಗೆ ಮಿತಿಯಿಲ್ಲ. ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ, ಇದೂ ಹೌದು ಅದೂ ಹೌದು. ಪ್ರೀತಿಯೂ ಅದೇ, ಮರ್ಯಾದೆಯೂ ಅದೇ. ನಮ್ಮ ಕನ್ನಡದಲ್ಲಾದರೆ ಹೀಗೆ ಕಣ್ಣಾಮುಚ್ಚಾಲೆ ಇಲ್ಲ ಎಂದು ಗೊಣಗಿಕೊಂಡು ಎದ್ದೆ. ಆದರೆ ಕನ್ನಡದ ಬಂಡವಾಳವೂ ಮರುದಿನವೇ ಗೊತ್ತಾಯಿತು.

ಭಾನುವಾರ ಉತ್ತರ ಬರೆಯುವ ಕಾರ್ಯಕ್ರಮ. ಕನ್ನಡದಲ್ಲಿ ಬರೆಯಬೇಕೆಂದು ಅತ್ತೆಯ ಅಪ್ಪಣೆ, ತಮಗೂ ತಿಳಿಯಬೇಕಲ್ಲ. ತಂದೆಗಾದರೆ ತೀರ್ಥರೂಪರು, ತಾಯಿಗೆ ಮಾತೃಶ್ರೀಯವರು, ಕಿರಿಯರಿಗೆ ಚಿರಂಜೀವಿ. ಕಟ್ಟಿಕೊಳ್ಳಲಿರುವ ಗಂಡಿಗೆ? ಅಪ್ಪ ಸೂರು ನೋಡಿದರು. ಅಮ್ಮ "ನಾನು ಇವರಿಗೆ ಕಾಗದಾನೇ ಬರ್ದಿಲ್ಲ" ಎಂದಳು. ಪ್ರಿಯ ಎನ್ನಲೇ ಎಂದು ನಾನು ಬಾಯಿ ತೆರೆಯುವ ಮೊದಲೇ ಅತ್ತೆ ಹೊಸೆಯುತ್ತ ಕೂತಲ್ಲಿಂದ ಹೇಳಿದರು, "ಸಕಲ ಗುಣ ಸಂಪನ್ನರಾದ ಶ್ರೀಯುತರ ಸನ್ನಿಧಾನಕ್ಕೆ ಅಂತ ಬರಿ." ಹೆಸರು? "ಹೆಸರ್ಯಾಕೆ? ನಿಶ್ಚಿತಾರ್ಥ ಆಯ್ತು ಅಂದ್ಮೇಲೆ ಆಯ್ತು. ಬಾಯಲ್ಲೂ ಬೇಡ, ಕೈಯಲ್ಲೂ ಬೇಡ."

ಮಠದ ಸ್ವಾಮಿಗಳಿಗೆ ಬರೆದ ಹಾಗಿತ್ತು. ಇತ್ತ ಕ್ಷೇಮ, ತಮ್ಮ ಕ್ಷೇಮಕ್ಕೆ ಬರೆಯಿಸುವುದು. ಅಮ್ಮ ನಾಲ್ಕು ಮೂಲೆಗೆ ಅರಿಶಿನ ಹಚ್ಚಿದಳು. ಅತ್ತೆ "ಇಲ್ಲಿ ತೋರ್ಸು" ಎಂದು ನೋಡಹೋಗಿ ಅಂಚಿಗೆ ಹೆಬ್ಬೆರಳಿನ ಕಪ್ಪು ಗುರುತು ಮಾಡಿದರು. ಬೇರೆ ಇನ್‌ಲ್ಯಾಂಡ್ ಇರಲಿಲ್ಲ, ಅದನ್ನೇ ಕಳಿಸಿದೆವು.

ಅವರ ಎರಡನೆಯ ಕಾಗದ ಮೂರು ವಾರಕ್ಕೆ ಬಂತು, ಮೊದಲನೆಯದರ ಅರ್ಧದಷ್ಟು. ಈ ಸಲ ಡಿಯರ್ ಕೂಡ ಇರಲಿಲ್ಲ. 'ತಮ್ಮ ಪತ್ರ ತಲುಪಿತು' ಎಂದು ಕನ್ನಡದಲ್ಲಿ ಶುರುವಾಗಿ, 'ಎಲ್ಲರಿಗೂ ನಮಸ್ಕಾರ' ಎಂದು ಮುಗಿದಿತ್ತು. ಅಪ್ಪ "ಗಂಭೀರವಾದ ಹುಡುಗ" ಎಂದು ಮೆಚ್ಚಿಕೊಂಡರು. ಅದುವರೆಗೂ ಆ ಪದ ಸವೆದ ಕಾಸು ಎಂದು ಜಗಳ ಆಡಿದವಳು ನಾನೇ. ಇಲ್ಲವಾದ ದಿನ ಅದು ಬೇಕು ಎಂದು ಅಳು ಬಂತು. ಕೊಡ ಹಿಡಿದು ವಠಾರದ ನಲ್ಲಿಗೆ ಹೋಗಿ ತಿರುಗಿಸಿದೆ. ಅದು ನೀರು ಬರುವ ದಿನವಲ್ಲ, ನಲ್ಲಿ ಬರೀ ಗೊರಗೊರ ಎಂದಿತು.

ಮಾರನೆಯ ದಿನ ಊಟದ ಹೊತ್ತಿನಲ್ಲಿ, ಎಲ್ಲರೂ ಡಬ್ಬಿ ತೊಳೆಯಲು ಹೋದಾಗ, ಆಫೀಸಿನ ಮೆಷಿನ್ನಿಗೆ ಬಿಳಿ ಹಾಳೆ ಸಿಕ್ಕಿಸಿದೆ. ಮೆಷಿನ್ನಿಗೆ ಇಂಗ್ಲಿಷ್ ಮಾತ್ರ ಬರುತ್ತಿತ್ತು, ನನಗೂ ಅವತ್ತು ಇಂಗ್ಲಿಷೇ ಬೇಕಿತ್ತು. ಡಿಯರ್ ಎಂದು ಹೊಡೆದೆ. ಮುಂದೆ ಏನು? ಸರ್ ಎಂದರೆ ಕಬ್ಬಿಣದವನು. ಹೆಸರು ಹೊಡೆಯೋಣ ಎಂದು ಮೊದಲ ಅಕ್ಷರದ ಮೇಲೆ ಬೆರಳಿಟ್ಟೆ. ಬೆರಳು ಕೆಳಗಿಳಿಯಲಿಲ್ಲ. ಇದನ್ನು ಇಂದಿನ ಹುಡುಗಿಯರಿಗೆ ಹೇಳಿದರೆ ನಗುತ್ತಾರೆ. ಆಯಸ್ಸು ಕಡಿಮೆಯಾಗುತ್ತದೆ ಎಂಬುದನ್ನು ನಾನು ನಂಬಿರಲಿಲ್ಲ, ಆಣೆ ಮಾಡಿ ಹೇಳುತ್ತೇನೆ. ಆದರೆ ನಂಬಿಕೆ ಸುಳ್ಳೋ ನಿಜವೋ ಎಂದು ಆ ಮನುಷ್ಯನ ಆಯಸ್ಸಿನ ಮೇಲೆ ಪರೀಕ್ಷೆ ಮಾಡಿ ನೋಡಲು ನನಗೆ ಧೈರ್ಯ ಬರಲಿಲ್ಲ.

ಆಮೇಲೆ ಪೆನ್ನಿನಲ್ಲಿ ಬರೆದರಾಯಿತು ಎಂದುಕೊಂಡು ಜಾಗ ಬಿಡುವ ಉದ್ದನೆಯ ಪಟ್ಟಿಯನ್ನು ಹನ್ನೆರಡು ಸಲ ಒತ್ತಿದೆ, ಆಚೆ ಒಂದು ಅಲ್ಪವಿರಾಮ ಇಟ್ಟೆ. ಮುಂದಿನದು ತಡೆಯಿಲ್ಲದೆ ಬಂತು. ನಮ್ಮ ಮನೆಯಲ್ಲಿ ಎಲ್ಲ ಕಾಗದವನ್ನೂ ಗಟ್ಟಿಯಾಗಿ ಓದುತ್ತಾರೆ, ಅದಕ್ಕೇ ಇದನ್ನು ಆಫೀಸಿನಿಂದ ಬರೆಯುತ್ತಿದ್ದೇನೆ. ಆ ಕಾಗದ ನನ್ನದಲ್ಲ, ಇದು ನನ್ನದು. ನಿಮಗೆ ನಾನು ಬೇಕೋ, ಅಥವಾ ಯಾರಾದರೂ ಆದೀತೋ ತಿಳಿಸಿ. ಯಾರಾದರೂ ಆದೀತು ಎಂದಾದರೆ ಈಗಲೇ ಹೇಳಿಬಿಡಿ, ನನಗೆ ಬೇಜಾರಿಲ್ಲ. ಈ ಕೊನೆಯದು ಹಸಿ ಸುಳ್ಳು. ಎಲ್ಲಕ್ಕಿಂತ ಕೆಳಗೆ ಅಭ್ಯಾಸಬಲದಿಂದ ಶೀಘ್ರ ಉತ್ತರ ಕೋರಲಾಗಿದೆ ಎಂದೂ ಹೊಡೆದಿದ್ದೆ.

ಸಂಜೆ ಅಂಚೆ ಡಬ್ಬದ ಮುಂದೆ ನಿಂತು ಪೆನ್ನು ತೆಗೆದೆ. ಬಸ್ಸೊಂದು ಬಂತು, ಹೋಯಿತು. ಇನ್ನೊಂದು ಬಂತು. ಪೆನ್ನನ್ನು ಮುಚ್ಚಿ ಚೀಲಕ್ಕೆ ಹಾಕಿ, ಕವರಿಗೆ ಅಂಟು ಹಾಕಿ ಡಬ್ಬದೊಳಗೆ ತಳ್ಳಿದೆ. ಕವರಿನ ಮೇಲೆ ವಿಳಾಸ ಬರೆಯಲೇಬೇಕಲ್ಲ, ಅಲ್ಲೇನು ಮಾಡಿದೆ ಎನ್ನುತ್ತೀರಾ? ಅವರ ಕಾಗದದ ಹಿಂಬದಿಯ ವಿಳಾಸ ತೋರಿಸಿ ಆಫೀಸಿನ ಜವಾನನ ಕೈಯಲ್ಲಿ ಬರೆಸಿದ್ದೆ.

ಹತ್ತು ದಿನ ಆಯಿತು, ಹದಿನೈದು ಆಯಿತು. ಉತ್ತರ ಆಫೀಸಿಗೆ ಬರಬೇಕು. ಟಪಾಲಿನವನು ಬಂದಾಗಲೆಲ್ಲ ನನ್ನ ಟೈಪಿನಲ್ಲಿ ತಪ್ಪು ಬೀಳುತ್ತಿತ್ತು. ಇಷ್ಟು ಬಿಚ್ಚಿ ಬರೆದವಳನ್ನು ಯಾವ ಗಂಡಸು ಮದುವೆಯಾದಾನು ಎನಿಸುತ್ತಿತ್ತು. ಮರುಕ್ಷಣ, ಇಷ್ಟಕ್ಕೇ ಬೆದರುವವನಾದರೆ ಬೇಡವೇ ಬೇಡ ಎಂದು ಸಿಟ್ಟು ಬರುತ್ತಿತ್ತು. ಹೀಗೆ ದಿನಕ್ಕೆ ಎರಡು ಸಲ ಮದುವೆ ಮುರಿದು ಎರಡು ಸಲ ಕೂಡಿಸುತ್ತಿದ್ದೆ. ಮನೆಗೆ ಬಸ್ಸಿದ್ದರೂ ನಡೆದೇ ಬರುತ್ತಿದ್ದೆ, ಕಾಲಿಗೆ ಏನಾದರೂ ಕೆಲಸ ಇಲ್ಲದಿದ್ದರೆ ತಲೆ ತಿನ್ನುತ್ತಿತ್ತು.

ದೀಪಾವಳಿಗೆ ಒಂದು ವಾರ ಇದ್ದಾಗ, ಭಾನುವಾರ ಬೆಳಿಗ್ಗೆ ಹತ್ತು ಗಂಟೆಗೆ, ಅವರೇ ಬಂದರು. ಹಬ್ಬಕ್ಕೆಂದು ಕೆಂಗೇರಿಗೆ ಬಂದವರು ಒಬ್ಬರೇ ಬಸ್ಸು ಹಿಡಿದು ಬಂದಿದ್ದರು. ಗಂಡಿನ ಕಡೆಯವರು ಹೇಳದೆ ಕೇಳದೆ ಬಂದರೆ ಹೆಣ್ಣಿನ ಮನೆಯಲ್ಲಿ ಏನಾಗುತ್ತದೋ ಅದೆಲ್ಲ ಆಯಿತು. ಅಮ್ಮ ಸಕ್ಕರೆ ಡಬ್ಬಿ ಬೀಳಿಸಿದಳು. ಅಪ್ಪ ಬನಿಯನ್ ಮೇಲೆ ಶರಟು ಹಾಕಿಕೊಂಡು ಗುಂಡಿ ತಪ್ಪಾಗಿ ಹಾಕಿಕೊಂಡರು. ಅತ್ತೆ ಮಾತ್ರ ಮಣೆ ಬಿಟ್ಟು ಏಳಲಿಲ್ಲ. ನಾನು ಅಡುಗೆಮನೆಯ ಬಾಗಿಲಲ್ಲಿ ನಿಂತೆ.

ಅವರು ಕಾಫಿ ಲೋಟವನ್ನು ಮುಟ್ಟಲಿಲ್ಲ. ಜೇಬಿನಿಂದ ಮಡಿಸಿದ ಹಾಳೆ ತೆಗೆದು ಅಪ್ಪನ ಮುಂದೆ ಇಟ್ಟರು. "ಸಾರ್, ತಪ್ಪು ತಿಳ್ಕೋಬೇಡಿ. ನಿಮ್ಮ ಮಗಳಿಗೆ ಈ ಮದುವೆ ಇಷ್ಟ ಇದ್ಯಾ ಇಲ್ವಾ ಅಂತ ಕೇಳ್ಕೊಂಡು ಹೋಗೋಣ ಅಂತ ಬಂದೆ."

ನನ್ನ ಕಾಗದ. ಭೂಮಿ ಬಾಯಿ ಬಿಡಬಾರದೇ ಎನಿಸಿತು. ಅಪ್ಪ ಕನ್ನಡಕ ಹುಡುಕಿದರು, ಅದು ಮೂಗಿನ ಮೇಲೇ ಇತ್ತು. ಕಣ್ಣಿನಲ್ಲೇ ಒಂದೆರಡು ಸಾಲು ಓದಿ ನನ್ನ ಕಡೆ ನೋಡಿದರು, ಬೈಯಲೂ ತಿಳಿಯದೆ ಹಾಳೆಯನ್ನು ಮತ್ತೆ ನೋಡಿದರು.

"ಓದೋ," ಎಂದರು ಅತ್ತೆ.

"ಡಿಯರ್..." ಎಂದು ಅಪ್ಪ ನಿಂತರು. "ಹೆಸರಿಲ್ಲ ಅಕ್ಕ. ಜಾಗ ಖಾಲಿ ಬಿಟ್ಟಿದಾಳೆ."

"ಅದೇ ಸಾರ್ ನಾನು ಕೇಳೋದು," ಎಂದರು ಅವರು. ಧ್ವನಿ ಮೆಲ್ಲಗಿತ್ತು, ಕಿವಿ ಕೆಂಪಗಿತ್ತು. "ನಮ್ಮ ಆಫೀಸ್‌ನಲ್ಲಿ ಹೀಗೆ ಜಾಗ ಬಿಟ್ಟಿದ್ರೆ ಅದು ಸರ್ಕ್ಯುಲರ್. ಕಾಗದ ಒಂದೇ, ಹೆಸರು ನೂರು. ಯಾರ ಹೆಸರು ಬೇಕಾದ್ರೂ ತುಂಬಬಹುದು. ಮೊದಲನೇ ಕಾಗದ ಊದುಬತ್ತಿ ಥರ ಘಮ್ ಅಂತಿತ್ತು, ಆದ್ರೆ ಅದನ್ನ ಬರ್ಸಿದ್ದು ದೊಡ್ಡೋರು ಅಂತ ಗೊತ್ತಾಗೋದು. ಇದು ಇವ್ರೇ ಬರ್ದಿರೋದು ಅಂತ ಗೊತ್ತಾಗತ್ತೆ, ಆದ್ರೆ ನನಗೇ ಬರ್ದಿದ್ದಾ ಅಂತ ಗೊತ್ತಾಗಲ್ಲ. ಹದಿನೈದು ದಿನದಿಂದ ಇದನ್ನೇ ನೋಡ್ತಾ ಇದೀನಿ. ಇವ್ರಿಗೆ ನಾನೇ ಬೇಕಾ, ಯಾರಾದ್ರೂ ನಡೆಯತ್ತಾ?"

ಶ್ರಾವಣದಿಂದ ನನ್ನನ್ನು ತಿಂದುಹಾಕಿದ್ದ ಪ್ರಶ್ನೆ, ಅಕ್ಷರಕ್ಕಕ್ಷರ. ಅದನ್ನು ನಾನೇ ಅವರಿಗೆ ದಾಟಿಸಿಬಿಟ್ಟಿದ್ದೆ. ಎಂದೂ ಮಾತಿಗೆ ಬಡತನವಿಲ್ಲದ ನಾನು ತುಟಿ ಪಿಟಕ್ಕೆನ್ನದೆ ನಿಂತಿದ್ದೆ. ನಾನು ಹೀಗೇ ನಿಂತರೆ ಈ ಮನುಷ್ಯ ಎದ್ದು ಹೋಗುತ್ತಾರೆ, ಮತ್ತೆ ಬರುವುದಿಲ್ಲ ಎಂದು ಗೊತ್ತಿತ್ತು. ಅವರು ಹೋಗುವುದು ನನಗೆ ಬೇಡವಾಗಿತ್ತು.

"ಅಯ್ಯೋ ಹುಚ್ಚಪ್ಪ," ಎಂದರು ಅತ್ತೆ.

ಎಲ್ಲರೂ ಕಿಟಕಿಯ ಕಡೆ ತಿರುಗಿದೆವು. ಅತ್ತೆ ಕೈಯಲ್ಲಿದ್ದ ಕಡ್ಡಿಯನ್ನು ಪೂರ್ತಿ ಹೊಸೆದು, ಗುಡ್ಡೆಗೆ ಹಾಕಿ, ಆಮೇಲೆ ಮಾತಾಡಿದರು. "ಅದು ಖಾಲಿ ಅಲ್ಲಪ್ಪ. ಪ್ರಪಂಚದಲ್ಲಿರೋ ಗಂಡಸರ ಹೆಸರನ್ನೆಲ್ಲಾ ನಾವು ಹೇಳ್ತೀವಿ. ಹಾಲಿನೋನದ್ದು, ಸೊಪ್ಪಿನೋನದ್ದು, ಮಂತ್ರಿದು. ಒಬ್ಬರದ್ದು ಮಾತ್ರ ಹೇಳಲ್ಲ. ನೀನು ಯಾರೋ ಆಗಿದ್ರೆ ಇವಳು ಧಾರಾಳವಾಗಿ ನಿನ್ನ ಹೆಸರು ಬರ್ದು ಬಿಸಾಕ್ತಿದ್ಲು. ಬರೀಲಿಲ್ಲ ಅಂದ್ಮೇಲೆ ನೀನೇ ಅಂತ ಆಯ್ತಲ್ಲ. ಇಷ್ಟು ಓದಿದೀಯ, ಇದು ತಿಳೀಲಿಲ್ವಾ?"

ಅವರು ನನ್ನ ಕಡೆ ನೋಡಿದರು. ತಾರಸಿಯ ಮೇಲೆ ನೋಡಿರಲಿಲ್ಲ, ಅವತ್ತು ನೋಡಿದರು. ನಾನು ತಲೆ ಆಡಿಸಿದೆ, ಹೌದು ಎಂದು. ಕಣ್ಣಲ್ಲಿ ನೀರು ಬಂದಿತ್ತು, ಒರೆಸಿಕೊಳ್ಳಲಿಲ್ಲ. ಅವರು ಕಾಫಿ ಲೋಟ ಎತ್ತಿಕೊಂಡರು. ಆರಿ ಕೆನೆ ಕಟ್ಟಿದ್ದ ಕಾಫಿಯನ್ನು ಒಂದೇ ಗುಟುಕಿಗೆ ಕುಡಿದರು.

ಅಲ್ಲಿಗೆ ಮುಗಿಯಿತು ಎಂದುಕೊಂಡೆವು. ಅತ್ತೆ ಬಿಡಲಿಲ್ಲ. "ಈಗ ಆ ಜಾಗದಲ್ಲಿ ಹೆಸರು ಬರೀಲಿ ಅವಳು," ಎಂದರು.

ಅಮ್ಮ ಗಾಬರಿಯಾದಳು. "ಅತ್ತಿಗೆ, ನೀವೇ ಹೀಗಂದ್ರೆ?"

"ನಾನೇ ಅಂತಿರೋದು. ಬಾಯಿ ಮುಚ್ಕೊಂಡು ನಾನೇನು ಉಳಿಸ್ಕೊಂಡೆ? ಬರೀಲಿ."

ಅವರು ಜೇಬಿನ ಪೆನ್ನು ತೆಗೆದು ಕೊಟ್ಟರು. ಕಿಟಕಿಯ ಕಟ್ಟೆಯ ಮೇಲೆ ಹಾಳೆ ಇಟ್ಟು, ಡಿಯರ್ ಪಕ್ಕದಲ್ಲಿ, ಅಲ್ಪವಿರಾಮದ ಈಚೆಗೆ, ಅವರ ಹೆಸರು ಬರೆದೆ. ಹನ್ನೆರಡು ಅಕ್ಷರದ ಜಾಗಕ್ಕೆ ಆ ಹೆಸರು ಸ್ವಲ್ಪ ಚಿಕ್ಕದಾಯಿತು. ಅವರು ಓದಿಕೊಂಡು ಮಡಿಸಿ ಜೇಬಿಗಿಟ್ಟರು, ಅಪ್ಪನಿಗೆ ಕೈಮುಗಿದು, ಅತ್ತೆಯ ಮುಂದೆ ಬಗ್ಗಿ ನಮಸ್ಕರಿಸಿ ಹೊರಟರು. ಬಾಗಿಲಲ್ಲಿ ನನಗೆ, "ಶೀಘ್ರ ಉತ್ತರ ಕೋರಿದ್ರಲ್ಲ, ಅದಕ್ಕೇ ಬಂದೆ," ಎಂದರು. ಅದಕ್ಕೆ ನಾನು ನಕ್ಕ ನಗು ವಠಾರಕ್ಕೆಲ್ಲ ಕೇಳಿಸಿತಂತೆ.

ಮಧ್ಯಾಹ್ನ ಊಟ ಆಗಿ ಅಪ್ಪ ಅಮ್ಮ ಮಲಗಿದ್ದರು. ಅತ್ತೆ ಹಿತ್ತಲಲ್ಲಿ ಕೈ ತೊಳೆಯುತ್ತಿದ್ದರು. ಹಗಲು ಹೊತ್ತು ಅವರು ಹಾಗೆ ಉಜ್ಜಿ ಉಜ್ಜಿ ತೊಳೆದದ್ದನ್ನು ನಾನು ನೋಡಿರಲಿಲ್ಲ. ಬೂದಿ ಹಚ್ಚಿ ಉಜ್ಜಿದರೂ ಉಗುರಿನ ಸಂದಿಯ ಕಪ್ಪು ಹೋಗಲಿಲ್ಲ. ಸೆರಗಿಗೆ ಒರೆಸಿಕೊಳ್ಳುತ್ತ ಬಂದು ನನ್ನ ಪಕ್ಕ ಕೂತರು.

"ನಮ್ಮನೆಯವ್ರಿಗೆ ಎದೆನೋವು ಬಂದಾಗ ಆಸ್ಪತ್ರೆಗೆ ನಾನೊಬ್ಬಳೇ ಕರ್ಕೊಂಡ್ಹೋಗಿದ್ದೆ," ಎಂದರು. "ಚೀಟಿ ಕೊಡೋ ಕಿಟಕೀಲಿ ಹೆಸರು ಕೇಳಿದ್ರು. ಹೇಳ್ಲಿಲ್ಲ. ಪಕ್ಕದಲ್ಲಿ ನಮ್ಮೋರು ಅಂತ ಯಾರೂ ಇರ್ಲಿಲ್ಲ. ಇವ್ರಿಗೆ ಮಾತಾಡೋಕೆ ಆಗ್ತಿರ್ಲಿಲ್ಲ. ಗಂಡನ ಹೆಸರು ಹೇಳಮ್ಮ, ಹೇಳಮ್ಮ ಅಂತಾರೆ, ನಾನು ಸುಮ್ನೆ ನಿಂತಿದೀನಿ. ಇಂಥ ಹೊತ್ತಲ್ಲಿ ಹೇಳಿ ಒಂದು ದಿನ ಕಮ್ಮಿ ಮಾಡ್ಲಾ ಅಂತ. ನಿಮ್ಮಪ್ಪ ಓಡಿ ಬಂದು ಹೇಳೋವರ್ಗೂ ನಿಂತೇ ಇದ್ದೆ."

ನಾನು ಅವರ ಕೈ ಹಿಡಿದುಕೊಂಡೆ.

"ಅಷ್ಟರಿಂದ ಏನೂ ಆಗ್ಲಿಲ್ಲ, ಮೊದಲೇ ಕೈಮೀರಿತ್ತು ಅಂತ ಡಾಕ್ಟ್ರು ಅಂದ್ರು. ಇರಬಹುದು." ಕೈ ಬಿಡಿಸಿಕೊಂಡು, "ಒಂದು ಕಾಗದ ತಗೊಂಬಾ. ಆ ಇಂಗ್ಲಿಷ್ ಮಾತು ಬರಿ, ಕಬ್ಬಿಣದೋನಿಗೂ ಬರೀತಾರಲ್ಲ, ಅದು," ಎಂದರು.

ಮನೆಯಲ್ಲಿ ಹೊಸದಾಗಿ ತಂದಿಟ್ಟಿದ್ದ ನೀಲಿ ಇನ್‌ಲ್ಯಾಂಡ್ ಒಂದಿತ್ತು. ಅದನ್ನು ಬಿಚ್ಚಿ ಮೇಲೆ ಡಿಯರ್ ಎಂದು ಬರೆದೆ. ಅತ್ತೆ ಅದರ ಮುಂದಿನ ಜಾಗದ ಮೇಲೆ ಬೆರಳಿಟ್ಟರು. ಆಮೇಲೆ ಬೆಟ್ಟದ ಮೇಲಿನ ಆ ದೇವರ ಹೆಸರನ್ನು, ತಮ್ಮ ಗಂಡನ ಹೆಸರನ್ನು, ಪೂರ್ತಿಯಾಗಿ, ನಿಧಾನವಾಗಿ ಹೇಳಿದರು. ಮದುವೆಯ ದಿನ ಹೊಸಿಲಲ್ಲಿ ಹುಡುಗಿಯರು ಅಡ್ಡ ನಿಂತು ಹೇಳಿಸಿದ್ದು ಬಿಟ್ಟರೆ ಇದೇ ಎರಡನೆಯ ಸಲ ಎಂದರು. ನಾನು ಬರೆದುಕೊಂಡೆ.

"ಮುಂದೆ ಏನು ಬರೀಲಿ ಅತ್ತೆ?"

"ಮುಂದೆ ಏನೂ ಬೇಡ." ಅವರಿಗೆ ಓದು ಬರುತ್ತಿರಲಿಲ್ಲ. ಕಾಗದವನ್ನು ತೊಳೆದ ಎರಡು ಕೈಯಲ್ಲಿ ಹಿಡಿದು ಕಿಟಕಿಯ ಬೆಳಕಿಗೆ ಎತ್ತಿ ನೋಡಿದರು. "ಈಗ ಅದರ ಪಕ್ಕದಲ್ಲಿ ಖಾಲಿ ಇಲ್ಲ ತಾನೇ?"

"ಇಲ್ಲ ಅತ್ತೆ," ಎಂದೆ. "ತುಂಬಿದೆ."